ಮೌಸ್ ಹಿಡಿಯದ ಪರೀಕ್ಷಕ : ಸೆಲೆನಿಯಂ ಕೆಲಸ ಮಾಡುವ ಬಗೆ

ಅರ್ಜಿಯನ್ನೆಲ್ಲ ತುಂಬಿ ‘ಸಲ್ಲಿಸಿ’ ಎಂಬ ಗುಂಡಿ ಒತ್ತಿದರೆ ಪುಟ ಅಲ್ಲಾಡದೆ ಕುಳಿತುಬಿಡುವುದು ನಗರವಾಸಿಗಳಿಗೆ ಹೊಸ ಅನುಭವವೇನಲ್ಲ. ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ, ಕಾಲೇಜು ಪ್ರವೇಶ, ರೈಲು ಟಿಕೆಟ್ ಎಲ್ಲವೂ ಬ್ರೌಸರ್ ಕಿಟಕಿಗೆ ಬಂದು ನಿಂತಿರುವ ಕಾಲದಲ್ಲಿ ಆ ಒಂದು ಗುಂಡಿ ಕೈಕೊಟ್ಟರೆ ಕೊನೆಯ ದಿನಾಂಕ ತಪ್ಪುತ್ತದೆ, ದಂಡ ಬೀಳುತ್ತದೆ. ತಾಣವನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಇಂತಹ ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡುವುದು ತಂತ್ರಾಂಶ ಪರೀಕ್ಷಕರ ಕೆಲಸ. ತಾಣದಲ್ಲಿ ಸಣ್ಣ ಬದಲಾವಣೆಯಾದಾಗಲೂ ಮೊದಲಿನಿಂದ ಎಲ್ಲವನ್ನೂ ಒತ್ತಬೇಕು. ಮನುಷ್ಯನಿಗೆ ಬೇಸರ ತರಿಸುವ ಈ ಕೆಲಸವನ್ನು ಗಣಕದಿಂದಲೇ ಮಾಡಿಸುವ ಸಾಧನಗಳ ಪೈಕಿ ಹೆಚ್ಚು ಹೆಸರಾಗಿರುವುದು ಸೆಲೆನಿಯಂ.

ಸೆಲೆನಿಯಂ ಎಂಬುದು ಕಿಟಕಿ, ಗುಂಡಿಗಳಿರುವ ಸಿದ್ಧ ತಂತ್ರಾಂಶವಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಸ್ಕ್ರಿಪ್ಟಿನೊಳಗೆ ಸೇರಿಸಿಕೊಳ್ಳುವ ಲೈಬ್ರರಿ, ಅಂದರೆ ಸಿದ್ಧ ಆಜ್ಞೆಗಳ ಕಟ್ಟು. ಜಾವಾ, ಪೈಥಾನ್, ಸಿ ಶಾರ್ಪ್, ರೂಬಿ, ಜಾವಾಸ್ಕ್ರಿಪ್ಟ್ ಈ ಐದು ಭಾಷೆಗಳಿಗೆ ಅದು ಅಧಿಕೃತವಾಗಿ ದೊರೆಯುತ್ತದೆ. ಅಪಾಚೆ 2.0 ಪರವಾನಗಿಯ ಮುಕ್ತ ತಂತ್ರಾಂಶವಾದ್ದರಿಂದ ಹಣ ಕೊಡಬೇಕಾಗಿಲ್ಲ. ‘ಈ ವಿಳಾಸ ತೆರೆ, ಆ ಚೌಕದಲ್ಲಿ ಹೆಸರು ಬರೆ, ಈ ಗುಂಡಿ ಒತ್ತು, ಬಂದ ಪುಟದಲ್ಲಿ ಅರ್ಜಿ ಸಂಖ್ಯೆ ಇದೆಯೇ ನೋಡು’ ಎಂದು ಬರೆದಿಟ್ಟರೆ ನಿಜವಾದ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದುಕೊಂಡು, ಯಾರೂ ಮೌಸ್ ಮುಟ್ಟದೆಯೇ ಎಲ್ಲವೂ ನಡೆಯುತ್ತದೆ. ಮೊದಲ ಸಲ ನೋಡುವವರಿಗೆ ಗಣಕಕ್ಕೆ ದೆವ್ವ ಹೊಕ್ಕಂತೆ ಕಾಣುವುದುಂಟು.

ಪಾದರಸಕ್ಕೆ ಮದ್ದು

ಅಮೆರಿಕದ ಷಿಕಾಗೋದಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯ ಜೇಸನ್ ಹಗಿನ್ಸ್ ಎಂಬವರು 2004ರಲ್ಲಿ ಸಂಸ್ಥೆಯ ಒಳಬಳಕೆಯ ವೇಳೆ-ವೆಚ್ಚದ ಲೆಕ್ಕದ ತಾಣವನ್ನು ಪರೀಕ್ಷಿಸಲು ಇದನ್ನು ಬರೆದರು. ಆಗ ಪರೀಕ್ಷಾ ತಂತ್ರಾಂಶಗಳ ಪೇಟೆಯಲ್ಲಿ ಮರ್ಕ್ಯುರಿ ಇಂಟರಾಕ್ಟಿವ್ ಎಂಬ ಕಂಪನಿಯದು ದೊಡ್ಡ ಹೆಸರು. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ನಂಜಿಗೆ ಸೆಲೆನಿಯಂ ಎಂಬ ಧಾತು ಮದ್ದೆಂಬ ಮಾತಿದೆ. ಹಗಿನ್ಸ್ ಇ-ಮೇಲಿನಲ್ಲಿ ಮಾಡಿದ ಈ ತಮಾಷೆಯೇ ಹೆಸರಾಗಿ ಉಳಿಯಿತು. ಮರ್ಕ್ಯುರಿಯನ್ನು 2006ರಲ್ಲಿ ಎಚ್‌ಪಿ ಕೊಂಡಿತು. ಅದರ ಪರೀಕ್ಷಾ ತಂತ್ರಾಂಶ ಮುಂದೆ ಮೈಕ್ರೋ ಫೋಕಸ್‌ಗೆ, 2023ರಲ್ಲಿ ಓಪನ್‌ಟೆಕ್ಸ್ಟ್‌ಗೆ ಕೈಬದಲಾಯಿತು. ಮದ್ದು ಮಾತ್ರ ಯಾರ ಆಸ್ತಿಯೂ ಆಗದೆ ಉಳಿದಿದೆ.

ಅದೇ ದಶಕದಲ್ಲಿ ರೂಬಿ ಭಾಷೆಯ ವಾಟಿರ್ ಎಂಬ ಲೈಬ್ರರಿಯೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅನ್ನು ಸ್ಕ್ರಿಪ್ಟಿನಿಂದ ಓಡಿಸುತ್ತಿತ್ತು. ಮೊದಲ ಸೆಲೆನಿಯಂನ ದಾರಿ ಬೇರೆ. ಅದು ಪುಟದೊಳಗೇ ಜಾವಾಸ್ಕ್ರಿಪ್ಟ್ ಆಗಿ ಸೇರಿಕೊಂಡು ಒಳಗಿನಿಂದ ಗುಂಡಿ ಒತ್ತುತ್ತಿತ್ತು. ಒಂದು ತಾಣದ ಜಾವಾಸ್ಕ್ರಿಪ್ಟ್ ಇನ್ನೊಂದು ತಾಣದ ಪುಟಕ್ಕೆ ಕೈಹಾಕದಂತೆ ಬ್ರೌಸರುಗಳು ತಡೆಯುವುದರಿಂದ ಇದಕ್ಕೆ ಬಹಳ ಅಡಚಣೆಯಾಗುತ್ತಿತ್ತು. ನಡುವೆ ಮಧ್ಯವರ್ತಿ ಸರ್ವರನ್ನು ಕೂರಿಸಿ ಬ್ರೌಸರನ್ನು ನಂಬಿಸುವ ಉಪಾಯವೂ ಕೆಲಕಾಲ ನಡೆಯಿತು. ಅಷ್ಟರಲ್ಲಿ ಸೈಮನ್ ಸ್ಟೂವರ್ಟ್ ಎಂಬವರು ಬ್ರೌಸರನ್ನು ಹೊರಗಿನಿಂದ ನೇರವಾಗಿ ನಡೆಸುವ ವೆಬ್‌ಡ್ರೈವರ್ ರೂಪಿಸಿದ್ದರು. 2009ರಲ್ಲಿ ಎರಡೂ ಯೋಜನೆಗಳು ಒಂದಾಗುವ ತೀರ್ಮಾನವಾಗಿ, 2011ರ ಜುಲೈನಲ್ಲಿ ಸೆಲೆನಿಯಂ 2 ಹೊರಬಂತು.

ಮುಖ್ಯ ತಿರುವು 2018ರ ಜೂನ್ ತಿಂಗಳಿನದು. ಜಾಲದ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯೂ3ಸಿ ಒಕ್ಕೂಟ ವೆಬ್‌ಡ್ರೈವರ್ ಸಂವಾದಕ್ರಮವನ್ನೇ ಅಧಿಕೃತ ಮಾನಕವೆಂದು ಅಂಗೀಕರಿಸಿತು. ಹೊರಗಿನವರು ಬರೆದ ಉಪಾಯವೊಂದು ಬ್ರೌಸರ್ ತಯಾರಕರೆಲ್ಲ ಪಾಲಿಸುವ ನಿಯಮವಾದದ್ದು ಹೀಗೆ. ಈ ಮಾನಕವನ್ನೇ ಮಾತನಾಡುವ ಸೆಲೆನಿಯಂ 4, 2021ರ ಅಕ್ಟೋಬರ್‌ನಲ್ಲಿ ಬಂತು.

ಒಳಗಿನ ವ್ಯವಹಾರ

ಸ್ಕ್ರಿಪ್ಟು ಮತ್ತು ಬ್ರೌಸರಿನ ನಡುವೆ ‘ಡ್ರೈವರ್’ ಎಂಬ ಸಣ್ಣ ತಂತ್ರಾಂಶವೊಂದು ದುಭಾಷಿಯಂತೆ ನಿಲ್ಲುತ್ತದೆ. ಕ್ರೋಮ್‌ಗೆ ಕ್ರೋಮ್‌ಡ್ರೈವರ್, ಫೈರ್‌ಫಾಕ್ಸ್‌ಗೆ ಗೆಕೋಡ್ರೈವರ್. ಸ್ಕ್ರಿಪ್ಟಿನ ಪ್ರತಿ ಆಜ್ಞೆಯೂ ಜಾಲಪುಟ ತರಿಸಿಕೊಳ್ಳುವ ಅದೇ ಎಚ್‌ಟಿಟಿಪಿ ಕ್ರಮದಲ್ಲಿ ಡ್ರೈವರಿಗೆ ತಲುಪುತ್ತದೆ, ಅಲ್ಲಿಂದ ಬ್ರೌಸರಿಗೆ. ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಆದ್ದರಿಂದ ಸ್ಕ್ರಿಪ್ಟು ಒಂದು ಗಣಕದಲ್ಲಿ, ಬ್ರೌಸರು ಮತ್ತೊಂದು ಊರಿನ ಗಣಕದಲ್ಲಿ ಇದ್ದರೂ ಕೆಲಸ ಕೆಡುವುದಿಲ್ಲ. ಹತ್ತಾರು ಗಣಕಗಳಿಗೆ ಪರೀಕ್ಷೆಗಳನ್ನು ಹಂಚುವ ‘ಸೆಲೆನಿಯಂ ಗ್ರಿಡ್’ ನಿಂತಿರುವುದು ಈ ಅನುಕೂಲದ ಮೇಲೆ.

ಪುಟದಲ್ಲಿರುವ ವಸ್ತುವನ್ನು ಹುಡುಕುವುದಕ್ಕೆ ಎಂಟು ಬಗೆಯ ಗುರುತುಗಳುಂಟು: ಐಡಿ, ಹೆಸರು, ಕ್ಲಾಸ್, ಟ್ಯಾಗ್, ಕೊಂಡಿಯ ಪೂರ್ಣ ಪಠ್ಯ, ಕೊಂಡಿಯ ಪಠ್ಯದ ತುಣುಕು, ಸಿಎಸ್‌ಎಸ್ ಸೂತ್ರ, ಎಕ್ಸ್‌ಪಾತ್. ಐಡಿ ಎಂಬುದು ಮನೆಯ ನಂಬರು ಇದ್ದ ಹಾಗೆ. ಎಕ್ಸ್‌ಪಾತ್ ಎಂಬುದು ‘ಮೂರನೇ ಅಡ್ಡರಸ್ತೆ, ಎಡಕ್ಕೆ ತಿರುಗಿ, ಎರಡನೇ ಗೇಟು’ ಎಂದು ದಾರಿ ಹೇಳಿದ ಹಾಗೆ. ನಡುವೆ ಒಂದು ಹೊಸ ಗೇಟು ಎದ್ದರೆ ಸ್ಕ್ರಿಪ್ಟು ಬೇರೆಯವರ ಮನೆಯ ಬಾಗಿಲು ತಟ್ಟುತ್ತದೆ. ಬ್ರೌಸರಿನಿಂದ ಉದ್ದನೆಯ ಎಕ್ಸ್‌ಪಾತ್ ನಕಲಿಸಿ ಅಂಟಿಸುವುದು ಹೊಸಬರ ಅಭ್ಯಾಸ. ಪುಟದ ವಿನ್ಯಾಸ ಮೊದಲ ಬಾರಿ ಬದಲಾದಾಗ ಅದರ ಬೆಲೆ ತಿಳಿಯುತ್ತದೆ. ತಾಣ ಕಟ್ಟುವವರೇ ಪರೀಕ್ಷೆಗೆಂದು ಪ್ರತ್ಯೇಕ ಗುರುತನ್ನು ಗುಂಡಿಗಳಿಗೆ ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಕಾಯುವ ವಿದ್ಯೆ

ಸ್ಕ್ರಿಪ್ಟುಗಳು ಸೋಲುವುದು ಹೆಚ್ಚಾಗಿ ಒತ್ತುವುದರಲ್ಲಲ್ಲ, ಕಾಯುವುದರಲ್ಲಿ. ಪುಟ ಒಂದೇ ಏಟಿಗೆ ಮೂಡುವ ಕಾಲ ಮುಗಿದಿದೆ. ಮೊದಲು ಚೌಕಟ್ಟು, ಆಮೇಲೆ ಪಟ್ಟಿ, ಆಮೇಲೆ ಗುಂಡಿ ಹೀಗೆ ತುಂಡು ತುಂಡಾಗಿ ಬರುತ್ತದೆ. ಜಿಲ್ಲೆಯನ್ನು ಆರಿಸಿದ ಮೇಲೆ ತಾಲ್ಲೂಕುಗಳ ಪಟ್ಟಿ ಸರ್ವರಿನಿಂದ ಬರಲು ಅರ್ಧ ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಮನುಷ್ಯ ಆ ಹೊತ್ತಿಗೆ ಕಣ್ಣು ಮಿಟುಕಿಸುತ್ತಿರುತ್ತಾನೆ. ಸ್ಕ್ರಿಪ್ಟು ಕಾಯುವುದಿಲ್ಲ. ಬಾರದ ಪಟ್ಟಿಯಲ್ಲಿ ಶಿರಸಿಯನ್ನು ಹುಡುಕಿ, ‘ಅಂತಹ ವಸ್ತುವಿಲ್ಲ’ ಎಂದು ವರದಿ ಮಾಡಿ ಮುಗಿಸುತ್ತದೆ. ಬೇರೆ ಸೂಚನೆ ಕೊಡದಿದ್ದರೆ ಸೆಲೆನಿಯಂ ವಸ್ತುವೊಂದನ್ನು ಹುಡುಕಲು ಕಾಯುವ ಸಮಯ ಸೊನ್ನೆ.

ಇದಕ್ಕೆ ಸುಲಭದ ಮದ್ದು ‘ಐದು ಸೆಕೆಂಡು ನಿದ್ದೆ ಮಾಡು’ ಎಂಬ ಸಾಲು. ಪ್ರತಿ ಪರೀಕ್ಷೆಯಲ್ಲಿ ಹತ್ತು ಕಡೆ ಇಂತಹ ಸಾಲಿದ್ದು, ಒಟ್ಟು ನೂರು ಪರೀಕ್ಷೆಗಳಿದ್ದರೆ ಬರೀ ನಿದ್ದೆಗೆ 5000 ಸೆಕೆಂಡು, ಅಂದರೆ 83 ನಿಮಿಷ ಹೋಗುತ್ತದೆ. ಇಷ್ಟಾಗಿಯೂ ಸರ್ವರು ಆರು ಸೆಕೆಂಡು ತೆಗೆದುಕೊಂಡ ದಿನ ಪರೀಕ್ಷೆ ಬೀಳುತ್ತದೆ. ಸರಿಯಾದ ದಾರಿ ಷರತ್ತು ಹಾಕಿ ಕಾಯುವುದು: ‘ತಾಲ್ಲೂಕು ಪಟ್ಟಿ ಕಾಣುವವರೆಗೆ ಕಾಯಿ, ಆದರೆ ಹದಿನೈದು ಸೆಕೆಂಡು ಮೀರಬೇಡ’. ಪೈಥಾನ್ ಆವೃತ್ತಿಯಲ್ಲಿ ಸೆಲೆನಿಯಂ ಆಗ ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ, ಪಟ್ಟಿ ಬಂದೊಡನೆ ಮುಂದುವರಿಯುತ್ತದೆ. ಎಲ್ಲ ಹುಡುಕಾಟಕ್ಕೂ ಅನ್ವಯವಾಗುವ ಸಾಮಾನ್ಯ ಕಾಯುವಿಕೆಯೊಂದೂ ಉಂಟು. ಎರಡನ್ನೂ ಬೆರೆಸಬಾರದೆಂದು ಸೆಲೆನಿಯಂ ಕೈಪಿಡಿಯೇ ಎಚ್ಚರಿಸುತ್ತದೆ. ಅಲ್ಲಿ ಹತ್ತು, ಇಲ್ಲಿ ಹದಿನೈದು ಎಂದು ಹೇಳಿದರೆ ಇಪ್ಪತ್ತು ಸೆಕೆಂಡಿಗೆ ಕೈಚೆಲ್ಲುವ ವಿಚಿತ್ರ ಸಂಭವಿಸಬಹುದು.

ಒಮ್ಮೆ ಗೆದ್ದು, ತಾಣದಲ್ಲಿ ಏನೂ ಬದಲಾಗದಿದ್ದರೂ ಇನ್ನೊಮ್ಮೆ ಸೋಲುವ ಪರೀಕ್ಷೆಗೆ ಪರೀಕ್ಷಕರ ಮಾತಿನಲ್ಲಿ ‘ಫ್ಲೇಕಿ’ ಎಂದು ಹೆಸರು. ಗೂಗಲ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅದರ ಪರೀಕ್ಷಾ ಓಟಗಳ ಪೈಕಿ ಶೇ. 1.5ರಷ್ಟರ ಫಲಿತಾಂಶ ಹೀಗೆ ಚಂಚಲವಾಗಿತ್ತು, ಶೇ. 16ರಷ್ಟು ಪರೀಕ್ಷೆಗಳಲ್ಲಿ ಒಂದಲ್ಲ ಒಂದು ಮಟ್ಟದ ಚಂಚಲತೆ ಇತ್ತು. ಇದು ಬ್ರೌಸರ್ ಪರೀಕ್ಷೆಗಳೊಂದರ ಲೆಕ್ಕವಲ್ಲ, ಅಲ್ಲಿನ ಎಲ್ಲ ಬಗೆಯ ಪರೀಕ್ಷೆಗಳದು. ದಿನವೂ ಸುಳ್ಳು ಕೂಗುವ ಕಾವಲುಗಾರನ ಕೂಗಿಗೆ ನಾಲ್ಕನೆಯ ದಿನ ಯಾರೂ ಏಳುವುದಿಲ್ಲ.

ಹಸಿರು ಬಣ್ಣದ ಮೋಹ

ಪರೀಕ್ಷಾ ವರದಿಯಲ್ಲಿ ಗೆದ್ದದ್ದು ಹಸಿರು, ಸೋತದ್ದು ಕೆಂಪು. ಸಂಜೆಯೊಳಗೆ ಎಲ್ಲ ಹಸಿರಾಗಬೇಕೆಂಬ ಒತ್ತಡದಲ್ಲಿ ಅತ್ಯಂತ ಬೆಲೆಯುಳ್ಳ ಕೆಂಪು ಗುರುತುಗಳೇ ಅಳಿಸಿಹೋಗುತ್ತವೆ. ಕಾಲೇಜೊಂದರ ಪ್ರವೇಶ ಅರ್ಜಿಯ ಪುಟವನ್ನು ಊಹಿಸಿಕೊಳ್ಳಬಹುದು. ಪುಟದ ತಳದಲ್ಲಿ ‘ಈ ತಾಣ ಕುಕಿ ಬಳಸುತ್ತದೆ’ ಎಂಬ ಪಟ್ಟಿ ತೇಲುತ್ತಿದೆ. ಸಣ್ಣ ಪರದೆಯಲ್ಲಿ ಆ ಪಟ್ಟಿ ಸರಿಯಾಗಿ ‘ಸಲ್ಲಿಸಿ’ ಗುಂಡಿಯ ಮೇಲೆಯೇ ಕೂರುತ್ತದೆ. ಸೆಲೆನಿಯಂ ಗುಂಡಿ ಒತ್ತಲು ಹೋಗಿ, ‘ಕ್ಲಿಕ್ ಮಾಡಬೇಕಾದ ಜಾಗವನ್ನು ಬೇರೊಂದು ವಸ್ತು ಮುಚ್ಚಿದೆ’ ಎಂದು ದೂರುತ್ತದೆ. ವೆಬ್‌ಡ್ರೈವರ್ ಮಾನಕವೇ ಹಾಗೆ ದೂರಬೇಕೆಂದು ವಿಧಿಸಿದೆ, ಏಕೆಂದರೆ ಮನುಷ್ಯನ ಬೆರಳಿಗೂ ಅಲ್ಲಿ ಗುಂಡಿ ಸಿಗುವುದಿಲ್ಲ.

ಈ ದೂರಿಗೆ ಪರೀಕ್ಷಕರ ವಲಯದಲ್ಲಿ ಬಾಯಿಂದ ಬಾಯಿಗೆ ಹರಡಿರುವ ಪರಿಹಾರ: ಸಾಮಾನ್ಯ ಕ್ಲಿಕ್ ಬಿಟ್ಟು, ಜಾವಾಸ್ಕ್ರಿಪ್ಟ್ ಮೂಲಕ ಗುಂಡಿಯನ್ನು ಒಳಗಿನಿಂದಲೇ ಒತ್ತಿಸುವುದು. ಒಂದೇ ಸಾಲಿನ ಬದಲಾವಣೆ, ತಕ್ಷಣ ಹಸಿರು. ಮೇಲೆ ಏನು ಮುಚ್ಚಿದ್ದರೂ ಒಳಗಿನ ಕ್ಲಿಕ್ಕಿಗೆ ಅಡ್ಡಿಯಿಲ್ಲ. ತಾಣ ತೆರೆದುಕೊಳ್ಳುತ್ತದೆ, ಮೊಬೈಲಿನಲ್ಲಿ ಅರ್ಜಿ ತುಂಬಿದ ಹುಡುಗಿ ಗುಂಡಿ ಸಿಗದೆ ಕೊನೆಯ ರಾತ್ರಿ ಪರದಾಡುತ್ತಾಳೆ, ಕಚೇರಿಯಲ್ಲಿ ವರದಿ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಸಾಧನ ತಪ್ಪಿಲ್ಲದೆ ದೋಷ ಹಿಡಿದುಕೊಟ್ಟಿತ್ತು. ಅದರ ಬಾಯಿ ಮುಚ್ಚಿಸಿದ್ದು ಅದನ್ನು ನಡೆಸಿದವರು. ಸೋತ ಪರೀಕ್ಷೆಯನ್ನು ಮೂರು ಸಲ ಮತ್ತೆ ಓಡಿಸಿ, ಒಮ್ಮೆ ಗೆದ್ದರೂ ಹಸಿರೆಂದು ಬರೆದುಕೊಳ್ಳುವ ಪದ್ಧತಿಯೂ ಇದೇ ಜಾತಿಯದು. ಹತ್ತು ಅರ್ಜಿದಾರರಲ್ಲಿ ಮೂವರಿಗೆ ಮಾತ್ರ ಕಾಡುವ ದೋಷ ಅಲ್ಲಿ ಎಂದೂ ಬೆಳಕಿಗೆ ಬಾರದು.

ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಬಿಡುಗಡೆ ಮಾಡಿದ ಪ್ಲೇರೈಟ್ ಎಂಬ ಲೈಬ್ರರಿ ಈ ವಿಷಯದಲ್ಲಿ ಸ್ವಲ್ಪ ಬಿಗಿ. ಕ್ಲಿಕ್ ಮಾಡುವ ಮುನ್ನ ಅದು ತಾನಾಗಿಯೇ ಗುಂಡಿ ಕಾಣುತ್ತಿದೆಯೇ, ಅಲುಗದೆ ನಿಂತಿದೆಯೇ, ಬಳಕೆಗೆ ತೆರೆದಿದೆಯೇ, ಒತ್ತು ಅದಕ್ಕೇ ತಲುಪುವುದೇ ಎಂದು ನೋಡಿ ಕಾಯುತ್ತದೆ. ಹೊಸ ಯೋಜನೆಗಳಲ್ಲಿ ಹಲವರು ಅದರತ್ತ ವಾಲಿರುವುದಕ್ಕೆ ಇದೊಂದು ಕಾರಣ. ಆದರೆ ಬಾಯಿ ಮುಚ್ಚಿಸುವ ಸಾಲು ಅಲ್ಲಿಯೂ ಲಭ್ಯವಿದೆ.

ಕನ್ನಡ ಪುಟದ ಪರೀಕ್ಷೆ

ಕನ್ನಡದಲ್ಲಿರುವ ತಾಣಗಳನ್ನು ಪರೀಕ್ಷಿಸುವವರಿಗೆ ಬೇರೆಯೇ ಕೆಲವು ತೊಡಕುಗಳುಂಟು. ಇಂಗ್ಲಿಷ್ ಪುಟಕ್ಕೆಂದು ಬರೆದ ಕೈಪಿಡಿಗಳಲ್ಲಿ ಇವುಗಳ ಪ್ರಸ್ತಾಪ ಸಿಗುವುದು ಅಪರೂಪ.

ಮೊದಲನೆಯದು ಪಠ್ಯದಿಂದ ಗುಂಡಿ ಹುಡುಕುವ ಅಭ್ಯಾಸ. ಪುಟದಲ್ಲಿ ‘ನೊಂದಣಿ’ ಎಂದು ತಪ್ಪಾಗಿ ಬರೆದಿದ್ದು, ಸ್ಕ್ರಿಪ್ಟಿನಲ್ಲೂ ಹಾಗೆಯೇ ಇದ್ದರೆ, ಯಾರೋ ಪುಣ್ಯಾತ್ಮರು ಅದನ್ನು ‘ನೋಂದಣಿ’ ಎಂದು ತಿದ್ದಿಸಿದ ದಿನ ಪರೀಕ್ಷೆಗಳೆಲ್ಲ ಕೆಂಪಾಗುತ್ತವೆ. ಕಾಗುಣಿತ ತಿದ್ದಿದವರಿಗೆ ಬೈಗುಳ ಖಚಿತ. ಭಾಷೆ ಬದಲಾಯಿಸುವ ಗುಂಡಿಯಿರುವ ತಾಣಗಳಲ್ಲಂತೂ ಐಡಿಯನ್ನೋ ಪರೀಕ್ಷೆಗೆಂದೇ ಕೊಟ್ಟ ಗುರುತನ್ನೋ ನೆಚ್ಚದೆ ವಿಧಿಯಿಲ್ಲ.

ಎರಡನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ‘ಕ’ ಮತ್ತು ಒಂದೇ ಓತ್ವದ ಚಿಹ್ನೆಯಾಗಿ ಇಡಬಹುದು. ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಸ್ಕ್ರಿಪ್ಟು ಅಕ್ಷರ ಸಂಕೇತಗಳನ್ನು ಒಂದೊಂದಾಗಿ ಹೋಲಿಸಿ ‘ಬೇರೆ ಬೇರೆ’ ಎಂದು ಘೋಷಿಸುತ್ತದೆ. ಹೋಲಿಸುವ ಮುನ್ನ ಎರಡನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಪೈಥಾನ್, ಜಾವಾಗಳಲ್ಲಿ ಇದಕ್ಕೆ ಸಿದ್ಧ ಆಜ್ಞೆಯಿದೆ.

ಮೂರನೆಯದು ಎಲ್ಲಕ್ಕಿಂತ ಉಪಯುಕ್ತ, ಎಲ್ಲಕ್ಕಿಂತ ಅಲಕ್ಷಿತ: ಪರೀಕ್ಷೆಗೆ ಯಾವ ಹೆಸರು ಕೊಡಬೇಕು ಎಂಬುದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಾಣದ ಸಂಕೇತವೊಂದು ಕುಳಿತಿರುತ್ತದೆ. ಅದಿಲ್ಲದಿದ್ದರೆ ಹೆಸರು ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ‘ಅಕ್ಷರಗಳನ್ನು ಮಾತ್ರ ಬರೆಯಿರಿ’ ಎಂದು ತಪಾಸಣೆ ಇಟ್ಟಿರುವ ಅರ್ಜಿ ಆ ಸಂಕೇತವನ್ನು ಕಂಡು ಹೆಸರನ್ನೇ ತಿರಸ್ಕರಿಸಬಹುದು. ಹಾಗೆಯೇ ‘ಸ್ತ್ರೀ’ ಎಂಬುದು ಓದುಗರಿಗೆ ಒಂದಕ್ಷರ, ಗಣಕಕ್ಕೆ ಆರು ಸಂಕೇತ, ಯುಟಿಎಫ್-8 ಕ್ರಮದಲ್ಲಿ 18 ಬೈಟು. ಇಪ್ಪತ್ತು ಬೈಟಿಗೆ ಸೀಮಿತವಾದ ಜಾಗದಲ್ಲಿ ಕನ್ನಡದ ಆರು ಸಂಕೇತಗಳಷ್ಟೇ ಹಿಡಿಯುತ್ತವೆ. ವಯಸ್ಸಿನ ಚೌಕದಲ್ಲಿ ‘೩೫’ ಎಂದು ಕನ್ನಡ ಅಂಕಿ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಸ್ಕ್ರಿಪ್ಟಿಗೆ ‘ಟೆಸ್ಟ್ ಒಂದು’, ‘ಟೆಸ್ಟ್ ಎರಡು’ ಎಂಬ ಹೆಸರುಗಳನ್ನಷ್ಟೇ ಕೊಟ್ಟರೆ ಇವುಗಳಲ್ಲಿ ಒಂದೂ ಸಿಕ್ಕಿಬೀಳುವುದಿಲ್ಲ.

ಇನ್ನು ಸೆಲೆನಿಯಂಗೆ ಕಣ್ಣೇ ಇಲ್ಲ ಎಂಬ ಮಾತು. ಪುಟದ ಪಠ್ಯವನ್ನು ಕೇಳಿದರೆ ಅದು ಒಳಗಿರುವ ಸಂಕೇತಗಳನ್ನು ಒಪ್ಪಿಸುತ್ತದೆಯೇ ಹೊರತು, ಪರದೆಯ ಮೇಲೆ ಅಕ್ಷರ ಹೇಗೆ ಮೂಡಿದೆಯೆಂದು ಹೇಳದು. ಕನ್ನಡ ಫಾಂಟ್ ಇಲ್ಲದ ಸರ್ವರಿನಲ್ಲಿ ಪರದೆಯ ತುಂಬ ಖಾಲಿ ಚೌಕಗಳ ಸಾಲು ಕಂಡರೂ ಪರೀಕ್ಷೆ ಹಸಿರೇ. ಒತ್ತಕ್ಷರ ಜಾರಿ ಪಕ್ಕದ ಸಾಲಿಗೆ ಬಿದ್ದಿದ್ದರೂ ಹಸಿರೇ. ಪರದೆಯ ಚಿತ್ರ ತೆಗೆದು ಹಳೆಯ ಚಿತ್ರದೊಂದಿಗೆ ಹೋಲಿಸುವ ಸಾಧನಗಳು ಇವೆಯಾದರೂ, ಮೊದಲ ಚಿತ್ರ ಸರಿಯಾಗಿದೆಯೆಂದು ಒಪ್ಪಿಗೆ ಕೊಡಲು ಕನ್ನಡ ಓದಬಲ್ಲ ಒಬ್ಬರು ಬೇಕು.

ಬೆಂಗಳೂರಿನ ನಂಟು

ಈ ಕ್ಷೇತ್ರಕ್ಕೆ ಬೆಂಗಳೂರಿನ ಕೊಡುಗೆ ಬರೀ ದುಡಿಮೆಯದಲ್ಲ. ‘ಸಾಹಿ’ ಎಂಬ ಮುಕ್ತ ಪರೀಕ್ಷಾ ಸಾಧನವನ್ನು 2000ರ ದಶಕದ ಮಧ್ಯಭಾಗದಲ್ಲಿ ರೂಪಿಸಿದ ನಾರಾಯಣ ರಾಮನ್ ಅವರ ಟೈಟೊ ಸಾಫ್ಟ್‌ವೇರ್ ಈ ನಗರದ್ದು. ಹಿಂದಿ ಮಾತಿನ ‘ಸಹೀ’, ಅಂದರೆ ‘ಸರಿ’ ಎಂಬುದು ಆ ಹೆಸರಿನ ಮೂಲ. ಪುಟ ಸಿದ್ಧವಾಗುವವರೆಗೆ ತಾನಾಗಿ ಕಾಯುವುದು, ‘ಈ ಹೆಸರಿನ ಹತ್ತಿರ ಇರುವ ಗುಂಡಿ’ ಎಂದು ನೆರೆಹೊರೆಯಿಂದ ವಸ್ತುವನ್ನು ಗುರುತಿಸುವುದು ಅದರ ವೈಶಿಷ್ಟ್ಯ. ಇಂತಹ ಅನುಕೂಲಗಳು ಬೇರೆ ಸಾಧನಗಳಲ್ಲಿ ಸಾಮಾನ್ಯವಾದದ್ದು ನಂತರದ ವರ್ಷಗಳಲ್ಲಿ. ನೆರೆಯಿಂದ ಗುರುತಿಸುವ ಸೌಲಭ್ಯ ಸೆಲೆನಿಯಂಗೆ ನಾಲ್ಕನೆಯ ಆವೃತ್ತಿಯಲ್ಲಿ ದಕ್ಕಿತು. ಸೆಲೆನಿಯಂ ಬಳಗದ ಅಂತರರಾಷ್ಟ್ರೀಯ ಸಮ್ಮೇಳನವೂ 2014, 2016 ಮತ್ತು 2018ರಲ್ಲಿ ಬೆಂಗಳೂರಿನಲ್ಲಿ ನಡೆಯಿತು.

ಎಲ್ಲಿ ಬಳಸಬಾರದು

ಸೆಲೆನಿಯಂ ಕೈಪಿಡಿಯಲ್ಲಿ ‘ಬೇಡ’ ಎಂಬ ಪಟ್ಟಿಯೂ ಇದೆ. ‘ನಾನು ಯಂತ್ರವಲ್ಲ’ ಎಂದು ಸಾಬೀತುಪಡಿಸುವ ಕ್ಯಾಪ್ಚಾವನ್ನು ಯಂತ್ರದಿಂದ ಬಿಡಿಸಲು ಹೊರಡುವುದು ಬೇಡ. ಪರೀಕ್ಷಾ ವಾತಾವರಣದಲ್ಲಿ ಅದನ್ನು ತೆಗೆದಿಡುವುದೇ ಉತ್ತಮ. ಮೊಬೈಲಿಗೆ ಬರುವ ಒಟಿಪಿಯ ವಿಷಯವೂ ಅಷ್ಟೇ. ಜಿಮೇಲ್, ಫೇಸ್‌ಬುಕ್‌ನಂತಹ ಪರರ ತಾಣಗಳಿಗೆ ಸ್ಕ್ರಿಪ್ಟಿನಿಂದ ಲಾಗಿನ್ ಆಗುವುದು ಅವರ ನಿಯಮಕ್ಕೆ ವಿರುದ್ಧ, ಖಾತೆ ಮುಚ್ಚಿಹೋಗುವ ಅಪಾಯವಿದೆ. ಸಾವಿರಾರು ಜನ ಒಮ್ಮೆಗೇ ನುಗ್ಗಿದರೆ ಸರ್ವರು ತಾಳುವುದೇ ಎಂದು ಅಳೆಯಲೂ ಇದು ತಕ್ಕ ಸಾಧನವಲ್ಲ; ಒಂದೊಂದು ಬ್ರೌಸರಿಗೂ ಬೇಕಾಗುವ ಸ್ಮರಣಶಕ್ತಿಯ ಭಾರದಲ್ಲಿ ಪರೀಕ್ಷಿಸುವ ಗಣಕವೇ ಮೊದಲು ಕುಸಿಯುತ್ತದೆ.

ಪರೀಕ್ಷೆಗಳ ರಾಶಿಯಲ್ಲಿ ಬ್ರೌಸರ್ ಪರೀಕ್ಷೆಗಳು ತುದಿಯಲ್ಲಿ ಕೆಲವೇ ಇರಬೇಕೆಂಬುದು ಬಹುತೇಕ ಅನುಭವಿಗಳ ಮತ. ಬಡ್ಡಿಯ ಲೆಕ್ಕ ಸರಿಯಿದೆಯೇ ಎಂದು ನೋಡಲು ಬ್ರೌಸರ್ ತೆರೆಯುವ ಅಗತ್ಯವಿಲ್ಲ. ಲೆಕ್ಕ ಹಾಕುವ ಪ್ರೋಗ್ರಾಂ ತುಣುಕನ್ನೇ ನೇರವಾಗಿ ಕೇಳಿದರೆ ಕ್ಷಣಮಾತ್ರದಲ್ಲಿ ಉತ್ತರ ಸಿಗುತ್ತದೆ. ಲಾಗಿನ್, ಹಣ ಪಾವತಿ, ಅರ್ಜಿ ಸಲ್ಲಿಕೆಯಂತಹ ತಪ್ಪಿದರೆ ಜನರಿಗೆ ನಷ್ಟವಾಗುವ ದಾರಿಗಳನ್ನು ಮಾತ್ರ ಬ್ರೌಸರಿನಲ್ಲಿ ಆದ್ಯಂತ ನಡೆದು ನೋಡಬೇಕು.

ಕಲಿಯಬಯಸುವವರಿಗೆ ಇಂದು ಆರಂಭದ ಕಷ್ಟ ಕಡಿಮೆ. ಹಿಂದೆ ಬ್ರೌಸರಿನ ಆವೃತ್ತಿಗೆ ಹೊಂದುವ ಡ್ರೈವರನ್ನು ಹುಡುಕಿ ತಂದು ಜೋಡಿಸುವುದರಲ್ಲೇ ಮೊದಲ ದಿನ ಕಳೆಯುತ್ತಿತ್ತು. 2022ರ ನವೆಂಬರ್‌ನಲ್ಲಿ ಬಂದ 4.6ನೇ ಆವೃತ್ತಿಯಿಂದೀಚೆಗೆ ಸೆಲೆನಿಯಂ ಮ್ಯಾನೇಜರ್ ಎಂಬ ಸಹಾಯಕ ತಂತ್ರಾಂಶ ಆ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. ಪೈಥಾನ್ ಇರುವ ಗಣಕದಲ್ಲಿ ಒಂದು ಆಜ್ಞೆಯಿಂದ ಲೈಬ್ರರಿಯನ್ನು ಸ್ಥಾಪಿಸಿಕೊಂಡು, ಹತ್ತು ಸಾಲಿನೊಳಗೆ ಮೊದಲ ಪುಟ ತೆರೆಸಬಹುದು. ಅಭ್ಯಾಸಕ್ಕೆ ಸ್ವಂತ ಪುಟವೊಂದನ್ನು ಬರೆದುಕೊಳ್ಳುವುದು ಒಳಿತು. ಸಾರ್ವಜನಿಕರು ದಿನನಿತ್ಯ ಬಳಸುವ ತಾಣಗಳ ಮೇಲೆ ಅಭ್ಯಾಸದ ಸ್ಕ್ರಿಪ್ಟು ಓಡಿಸಿದರೆ ಆ ತಾಣದವರು ವಿಳಾಸ ಹಿಡಿದು ಪ್ರವೇಶವನ್ನೇ ತಡೆಯಬಹುದು.